ಅತ್ತೆಯವರ ಆರತಿ ಹಾಡುಗಳಿದ್ದ ಹಾರ್ಡ್ ಡಿಸ್ಕ್

ಚೆನ್ನೈಗೆ ಬಂದ ಮೇಲೂ ನನ್ನ ಹೆಂಡತಿ ಆಯುಧಪೂಜೆ ಬಿಡಲಿಲ್ಲ. ಆ ವರ್ಷ ಮಿಕ್ಸಿ, ಸ್ಕೂಟರು, ಕಂಪ್ಯೂಟರಿನ ಜೊತೆಗೆ ನನ್ನ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳಿಗೂ ಅರಿಶಿನ ಕುಂಕುಮ ಇಟ್ಟಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಮರುದಿನ ಒದ್ದೆ ಬಟ್ಟೆಯಿಂದ ಎರಡನ್ನೂ ಉಜ್ಜಿ ಒರೆಸಿದೆ. ಅವುಗಳ ಮೇಲೆ ಅವಳು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ‘ಮನೆ’, ‘ಆಫೀಸು’ ಕೂಡ ಹೋಯಿತು. ಆಫೀಸಿನದನ್ನು ಖಾಲಿ ಮಾಡಿ ವಾಪಸು ಕೊಡಬೇಕಿತ್ತು. ಯಾವುದು ಯಾವುದೆಂದು ನೆನಪಿದೆ ಎಂಬ ಧೈರ್ಯದಲ್ಲಿ ಒಂದನ್ನು ಸಿಕ್ಕಿಸಿ, ತೆರೆದೂ ನೋಡದೆ ಫಾರ್ಮ್ಯಾಟ್ ಮಾಡಿದೆ. ಖಾಲಿಯಾದದ್ದು ಮನೆಯದು. ಹಿಂದಿನ ವರ್ಷ ತೀರಿಕೊಂಡ ನಮ್ಮ ಅತ್ತೆಯವರ ಆರತಿ ಹಾಡುಗಳು ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

“ಕುಂಕುಮ ಒರೆಸೋಕೆ ಅಷ್ಟು ಅವಸರ. ಒಳಗೇನಿದೆ ಅಂತ ನೋಡೋಕೆ ಪುರುಸೊತ್ತಿರ್ಲಿಲ್ವಾ ನಿಮಗೆ?” ಎಂದಳು ಹೆಂಡತಿ. 

ಪೆರುಂಗುಡಿಯ ನನ್ನ ಆಫೀಸಿನಲ್ಲಿ ಒಬ್ಬರು, ಆ ಡಿಸ್ಕಿಗೆ ಹೊಸದೇನೂ ಹಾಕಬೇಡಿ ಎಂದು ಎಚ್ಚರಿಸಿ, ಅಳಿಸಿಹೋದದ್ದನ್ನು ಹುಡುಕುವ ಸಾಫ್ಟ್‌ವೇರಿನ ಸಿ.ಡಿ. ಕೊಟ್ಟರು. ಶನಿವಾರ ಬೆಳಿಗ್ಗೆ ಅದನ್ನು ಓಡಲು ಬಿಟ್ಟೆ. ಸಂಜೆಯ ಹೊತ್ತಿಗೆ ಫೈಲುಗಳು ಬಂದವು, ಹೆಸರಿಲ್ಲದೆ, ಬರೀ ನಂಬರುಗಳಾಗಿ. ಒಂದೊಂದನ್ನೂ ತೆರೆದು ಕೇಳಬೇಕಿತ್ತು. ಕೆಲವು ಗರ್ ಎಂದು ಸುಮ್ಮನಾದವು. ಪಕ್ಕದಲ್ಲಿ ಕೂತಿದ್ದ ಮಗಳು ತನ್ನ ಶಾಲೆಯ ತಮಿಳಿನಲ್ಲಿ ಕೂಗಿದಳು: “ಅಮ್ಮಾ, ಅಜ್ಜಿ ಪೇಸುರಾಂಗ!”

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಸ್ಪೀಕರಿನಲ್ಲಿ ಅವಳಮ್ಮ ಮಾತಾಡುತ್ತಿದ್ದರು.

“ಅಳಿಯಂದಿರು ಇಲ್ಲ ತಾನೇ? ಹೋದ್ಸಲ ನಾನು ಹಾಡು ಹೇಳ್ತಿದ್ರೆ ಟಿ.ವಿ. ಜೋರು ಮಾಡಿದ್ರು ಕಣೇ.”

“ಇಲ್ಲಮ್ಮ, ಆಫೀಸಿಗೆ ಹೋಗಿದಾರೆ. ನೀನು ಹೇಳು.” ರೆಕಾರ್ಡಿನಲ್ಲಿದ್ದ ಹೆಂಡತಿಯ ದನಿ.

ಹಾಡು ಶುರುವಾಯಿತು. ಮಗಳು ನನ್ನ ಮುಖ ನೋಡಿದಳು. ಆ ಹಾಡನ್ನು ಪಕ್ಕದಲ್ಲಿ ಕೂತು, ಮೈಕು ಹಿಡಿದು ರೆಕಾರ್ಡ್ ಮಾಡಿದವನು ನಾನೇ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಸುಳ್ಳೆಂದು ಗೊತ್ತಿದ್ದು ಹೇಳಿದ್ದಲ್ಲ. ಅತ್ತೆಯವರು ಗೋಡೆಗೆ ಒರಗಿ ಕೂತದ್ದು, ಕಣ್ಣು ಮುಚ್ಚಿದ್ದು ಈಗಲೂ ನನಗೆ ಕಾಣುತ್ತದೆ. ಟಿ.ವಿ. ಜೋರು ಮಾಡಿದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಸಿಗಲಿಲ್ಲ. ವಯಸ್ಸಾದ ಹೆಂಗಸೊಬ್ಬರು ನಾನು ಮನೆಯಿಂದ ಹೊರಡುವುದನ್ನು ಕಾದು ಹಾಡು ಹೇಳುತ್ತಿದ್ದರು.

“ಮೊದಲಿನ ಮಾತು ತೆಗೆದು ಹಾಡು ಮಾತ್ರ ಇಟ್ಕೊಳ್ಲೇನ್ರೀ?” ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಮಗಳೆದುರು ನನ್ನ ಮಾನ ಉಳಿಸಲು ಕೇಳಿದ್ದು.

ಬೇಡ, ಹಾಗೇ ಇರಲಿ ಎಂದೆನೆಂದು ನನ್ನ ನೆನಪು. ಏನೂ ಹೇಳದೆ ಎದ್ದು ಬಾಲ್ಕನಿಗೆ ಹೋದಿರಿ ಎನ್ನುತ್ತಾಳೆ ಅವಳು. ಅವಳು ಹೇಳುವುದೇ ನಿಜವಿರಬೇಕು. ಹಾಡಿನ ಮೊದಲಿನ ಆ ಮಾತನ್ನು ಅವಳು ತೆಗೆದಿಲ್ಲ.