ಕೌದಿಯ ಪಾಲಿನ ರೊಟ್ಟಿ

ಜನವರಿ, ಭಾನುವಾರ ಬೆಳಿಗ್ಗೆ, ರಾಯಚೂರು. ಮಗ ಕರೆಂಟಿನ ಹೀಟರ್ ತಂದ. "ಈ ಚಿಂದಿ ಇನ್ನ ಯಾಕಬೇ?" ಎಂದು ನನ್ನ ಕೌದಿಯನ್ನು ಸ್ಕೂಟರಿಗೆ ಹೊದಿಸಿದ. ಕಿತ್ತುಕೊಂಡೆ. ಅದರೊಳಗಿನ ಹಳೆಯ ಸೀರೆಗಳ ವಾಸನೆ ನನ್ನನ್ನು ದೇವದುರ್ಗದ ಬಾಲ್ಯಕ್ಕೆ ಒಯ್ದಿತು.

ಅಜ್ಜಿ ಸವೆದ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿಚೂರು ಇಡುತ್ತಿದ್ದಳು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂಬುದು ಆಕೆಯ ನಂಬಿಕೆ.

ಒಮ್ಮೆ ಚಳಿಗಾಲದಲ್ಲಿ ಪೇಟೆಯ ಹತ್ತಿ ರಜಾಯಿಯೊಂದಿಗೆ ತವರಿಗೆ ಬಂದಿದ್ದ ಸೋದರತ್ತೆ ನಕ್ಕಳು: "ಯವ್ವಾ, ಇಲೀನ ಊಟಕ್ಕ ಕರಿಯಾಕತ್ತೀಯೇನು?"

"ನಿನ್ನ ರಜಾಯಿ ಉಪವಾಸ ಅದ. ಅದಕ್ಕ ನೀ ನಡಗತಿ," ಎಂದಳು ಅಜ್ಜಿ.

ಮರುದಿನ ಎದ್ದಾಗ ಅತ್ತೆಯೂ ನಮ್ಮ ಕೌದಿಯೊಳಗೇ ಇದ್ದಳು.

ನನ್ನ ಚಳಿಗಾಗಿ ಈ ಮನೆಯ ಕರೆಂಟ್ ಬಿಲ್ ಏರುವುದಿಲ್ಲ. ಹೀಟರ್ ನಾಳೆ ಅಂಗಡಿಗೆ ವಾಪಸ್. ಕೌದಿಯ ಒಂದು ಮೂಲೆಯನ್ನು ಬಿಚ್ಚಿದೆ. ಇಂದು ಮಧ್ಯಾಹ್ನದ ರೊಟ್ಟಿಯಲ್ಲಿ ಒಂದು ಚೂರು ಅದಕ್ಕೆ.