ಎಲ್ಲರನ್ನೂ ಕೇಳುವ ದವಡೆ ಡಾಕ್ಟರು

ನನ್ನ ಮೊಮ್ಮಗಳು ಇವತ್ತು ಬಾಯಿ ತುಂಬ ಆಕಳಿಸಿದಳು! ಜೇವರ್ಗಿ ಬಸ್ಸಿನಲ್ಲಿದ್ದವರನ್ನೆಲ್ಲ ಕರೆದು ತೋರಿಸಿದೆ.

ಮಾಳಿಗೆಯಿಂದ ಬಿದ್ದ ಮೇಲೆ ಅವಳ ದವಡೆ ಬಿಗಿದು, ಹಲ್ಲಿನ ಸಂದಿಯಲ್ಲಿ ಅಂಬಲಿಯಷ್ಟೇ ಇಳಿಯುತ್ತಿತ್ತು.

ಗುಲ್ಬರ್ಗದ ದವಡೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಮ್ಮ ದವಡೆಯನ್ನೇ ಆಡಿಸಿ ಆಡಿಸಿ ನೋಡುವರು. ಮಾತಿಗೊಮ್ಮೆ, "ನಾ ಒಬ್ಬನೇ ಶಾಣ್ಯಾ ಅಲ್ರಿ" ಎನ್ನುವರು. ಆಪರೇಷನ್ನಿಗೆ ದಿನ ಗೊತ್ತಾದ ಮೇಲೂ ನನ್ನನ್ನು ಕೇಳಿದರು: "ದವಡೆ ಡಾಕ್ಟರ್‌ಗಳ ಸಭಾ ಅದರಿ. ಈ ಎಕ್ಸ್‌ರೇ ಅವರ ಮುಂದ ಇಡ್ಲೇನು?"

"ಯಾಕ್ರಿ, ನಿಮಗ ಬರಂಗಿಲ್ಲೇನು?"

"ಬರ್ತದಂತ ತಿಳಿದೇನ್ರಿ ಯವ್ವಾ. ತಪ್ಪಿದ್ರ ಅವರು ಬೈತಾರ."

ಸಭೆಯಿಂದ ಹಿಗ್ಗುತ್ತ ಬಂದರು. "ಛಲೋ ಬೈಸಿಕೊಂಡ್ನಿ! ನಾ ಬಲಗಡಿ ಅಷ್ಟ ಕೊಯ್ಯಾಂವ ಇದ್ನಿ. ಎಡಗಡಿನೂ ಬಿಗಿದದಂತ ಹಿರಿಯರೊಬ್ಬರು ತೋರಿಸಿದ್ರು."

ಆಪರೇಷನ್ನಿನಲ್ಲಿ ಎರಡೂ ಕಡೆ ಬಿಡಿಸಿದರು. ಇವತ್ತು ಅವಳ ಬಾಯೊಳಗೆ ಅವಳದೇ ಮೂರು ಬೆರಳು ಒಂದರ ಮೇಲೊಂದು ಇಡಿಸಿ, ಬಾಯಿ ಅಷ್ಟು ತೆರೆಯುವುದನ್ನು ನೋಡಿ, "ಇನ್ನ ಖಡಕ್ ರೊಟ್ಟಿ ಕೊಡ್ರಿ" ಎಂದರು.

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತೆವು. ಅವಳು ರೊಟ್ಟಿ ಕಡಿದಳು. ಕಟ್ಟನೆ ಸದ್ದಾಯಿತು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿ, ಕಿವಿಗೊಟ್ಟು ಅವಳನ್ನೇ ನೋಡಿದೆವು.

"ಹಂಗ್ಯಾಕ ನೋಡ್ತೀರಿ? ಪಲ್ಯ ಹಾಕ್ರಿ" ಎಂದಳು.