ತಂತಿಯ ಮೇಲೆ ಬಂದ ರಾಜ್ಯ

ನಾನು ಚಿಕ್ಕವಳಿದ್ದಾಗ ನಾವು ಮುಲುಂಡಿನ ಒಂದು ಚಾಳಿನಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯವನು. ಫೋರ್ಟಿನ ತಂತಿ ಕಚೇರಿಯಲ್ಲಿ ಅವನ ಕೆಲಸ. ಯಂತ್ರದ ಕಟ್ ಕಡ ಸದ್ದು ಕೇಳುತ್ತಾ ಅದನ್ನು ಅಕ್ಷರಗಳಾಗಿ ಬರೆದುಕೊಳ್ಳುವುದು, ಮತ್ತೆ ಬೆರಳಿನಿಂದ ಬಡಿದು ಮುಂದಿನ ಊರಿಗೆ ಕಳಿಸುವುದು. ಬೆಳಗಿನ ಲೋಕಲ್ ರೈಲಿಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಮನೆಯಲ್ಲಿ ಅವನ ಮಾತು ಕೇಳಿದ್ದೇ ಕಡಿಮೆ.

ನಮ್ಮ ಕನ್ನಡ ಶಾಲೆಯಲ್ಲಿ ಒಂದು ಶನಿವಾರ ಭಾಷಣ ಸ್ಪರ್ಧೆಯಿತ್ತು. ಅಮೆರಿಕದ ಅಂತರ್ಯುದ್ಧದ ನಡುವೆ ಹೊಸ ರಾಜ್ಯಗಳು ಆ ದೇಶಕ್ಕೆ ಸೇರಿದ್ದು ಹೇಗೆ ಎಂಬುದು ನನ್ನ ಪಾಲಿಗೆ ಬಂದ ವಿಷಯ. ಊರಿಂದ ಬಂದಿದ್ದ ಮಾವ ಫೋರ್ಟಿನ ವಾಚನಾಲಯಕ್ಕೆ ಕರೆದೊಯ್ದು, ಒಂದು ಇಂಗ್ಲಿಷ್ ಪುಸ್ತಕ ನೋಡಿ ಕನ್ನಡದಲ್ಲಿ ಹೇಳಿ ಬರೆಸಿ, ಊರಿಗೆ ಹೊರಟುಹೋಗಿದ್ದ.

ಶುಕ್ರವಾರ ಗುರುಗಳು ನನ್ನ ಭಾಷಣ ಕೇಳಿದರು. ಅವರು ಉಡುಪಿ ಕಡೆಯವರು. ನೆವಾಡ ಎಂಬ ರಾಜ್ಯ ತನ್ನ ಸಂವಿಧಾನವನ್ನು ತಂತಿಯಲ್ಲಿ ಕಳಿಸಿದ ಮಾತು ಬಂದೊಡನೆ ಕೈ ಎತ್ತಿ ನಿಲ್ಲಿಸಿದರು.

“ಅಲ್ಲ ಮಗಾ, ಇಡೀ ಸಂವಿಧಾನವನ್ನು ತಂತಿಯಲ್ಲಿ ಕಳಿಸ್ಲಿಕ್ಕೆ ಉಂಟಾ? ‘ಅಜ್ಜನಿಗೆ ಸೌಖ್ಯ ಇಲ್ಲ, ಬೇಗ ಬಾ’ ಅಂತ ಕಳಿಸುವುದು ತಂತಿ. ಅದನ್ನು ಹೊಡೆದು ಹಾಕು.”

“ಪುಸ್ತಕದಾಗ ಐತ್ರಿ ಸರ್,” ಅಂದೆ.

“ಹಾಗಾದ್ರೆ ನಾಳೆ ತೋರಿಸು. ಇಲ್ಲದಿದ್ರೆ ನಿನ್ನ ಜಾಗದಲ್ಲಿ ಬೇರೆಯವರು ಮಾತಾಡ್ತಾರೆ.”

ಸಂಜೆ ಅಪ್ಪನಿಗೆ ಹೇಳಿದೆ. ಅವನು ಕೈಕಾಲು ತೊಳೆದು ಬಂದು ಕುಳಿತು, ತುಸು ಯೋಚಿಸಿದ.

“ಆಗತೈತಿ. ಎಷ್ಟ ಉದ್ದ ಇದ್ರೂ ಆಗತೈತಿ, ಕುಂತು ಹೊಡೀಬೇಕಷ್ಟ. ಖರೇನ ಕಳಿಸಿದ್ರೋ ಇಲ್ಲೋ, ಅದು ನನಗ ಗೊತ್ತಿಲ್ಲ. ನಾಳೆ ಪುಸ್ತಕ ನೋಡೂಣು.”

ಜ್ವರ ಬಂದರೂ ರಜೆ ಹಾಕದ ಅಪ್ಪ ನನ್ನ ಒಂದು ವಾಕ್ಯಕ್ಕಾಗಿ ರಜೆ ಹಾಕಿದ. ಬೆಳಗಿನ ಲೋಕಲ್ಲಿನಲ್ಲಿ ಬೆವರು, ಮಲ್ಲಿಗೆ, ಎಣ್ಣೆಯ ವಾಸನೆಗಳೆಲ್ಲ ಕಲಸಿಹೋಗಿದ್ದವು. ವಿಕ್ರೋಳಿ ದಾಟುವಾಗ ಕಾರ್ಖಾನೆಯ ಭೋಂಗಾ ಕೂಗಿತು. ಅಪ್ಪ ನನ್ನ ಭುಜ ಹಿಡಿದು ನಿಂತಿದ್ದ.

ವಾಚನಾಲಯದ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಹಳೆಯ ಕಾಗದದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಪ್ಪ ಸಾಲುಗಳ ಕೆಳಗೆ ಬೆರಳಿಟ್ಟು ಓದಿದ.

“ನೀ ಬರದದ್ದು ಖರೆ ಐತಿ,” ಅಂದ. “ಆದ್ರ ಅರ್ಧಾ ಐತಿ.”

ತಂತಿ ನೆವಾಡದಿಂದ ನೇರವಾಗಿ ರಾಜಧಾನಿಗೆ ಹೋಯಿತೆಂದು ನಾನು ಬರೆದಿದ್ದೆ. ಅಷ್ಟು ದೂರಕ್ಕೆ ನೇರ ತಂತಿಯೇ ಇರಲಿಲ್ಲ. ಸಾಲ್ಟ್ ಲೇಕ್, ಶಿಕಾಗೊ, ಫಿಲಡೆಲ್ಫಿಯಾ, ಹೀಗೆ ಊರಿಂದ ಊರಿಗೆ ಹಾಯ್ದು, ಎರಡು ದಿನ ಹಿಡಿದಿತ್ತು.

“ಒಂದೊಂದು ಊರಾಗೂ ಮಂದಿ ಕುಂತು ಪೂರಾ ಬರಕೊಂಡು, ಪೂರಾ ಮತ್ತ ಹೊಡದಾರ. ನೀ ಅವರನ್ನ ಬಿಟ್ಟೀಯಲ್ಲವಾ.”

ಆ ಪುಟವನ್ನು ಅವನು ತನ್ನ ಕಚೇರಿಯ ವೇಗದಲ್ಲಿ ನಕಲು ಮಾಡಿ, ಕೆಳಗೆ ವಾಚನಾಲಯದ ಮುದ್ರೆ ಹಾಕಿಸಿದ.

ಮಧ್ಯಾಹ್ನ ಶಾಲೆಯಲ್ಲಿ ಗುರುಗಳು ಆ ಕಾಗದವನ್ನು ಎರಡು ಸಲ ಓದಿದರು. “ನನಗೆ ಇದು ಗೊತ್ತಿರ್ಲಿಲ್ಲ,” ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಹೇಳು ಮಗಾ, ಪೂರ್ತಿ ಹೇಳು.”

ಸ್ಪರ್ಧೆ ಶುರುವಾಯಿತು, ಅಪ್ಪ ಕೊನೆಯ ಬೆಂಚಿನಲ್ಲಿ ಕುಳಿತ. ದಕ್ಷಿಣದ ರಾಜ್ಯಗಳು ದೇಶವನ್ನು ಬಿಟ್ಟು ಯುದ್ಧಕ್ಕಿಳಿದದ್ದನ್ನು ಹೇಳಿದೆ. ಅವುಗಳಲ್ಲೊಂದು ವರ್ಜೀನಿಯಾ. ಅದರ ಪಶ್ಚಿಮದ ಗುಡ್ಡಗಾಡಿನ ಜನ ಬಿಟ್ಟುಹೋಗಲು ಒಪ್ಪದೆ, ತಾವೇ ಬೇರೆ ರಾಜ್ಯವಾಗಿ ದೇಶದಲ್ಲಿ ಉಳಿದರು. ನೆವಾಡದ ಕಥೆ ಬೇರೆ. ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ನೆವಾಡ ರಾಜ್ಯವಾಗಬೇಕು, ಅದರ ಮತ ಆಗಿನ ಅಧ್ಯಕ್ಷರ ಪಕ್ಷಕ್ಕೆ ಸಿಗಬೇಕು. ರಾಜ್ಯವಾಗಲು ಅದರ ಸಂವಿಧಾನವನ್ನು ಅಧ್ಯಕ್ಷರು ನೋಡಬೇಕಿತ್ತು, ಆದರೆ ನೆಲದ ಮೇಲೂ ಕಡಲ ಮೇಲೂ ಕಳಿಸಿದ್ದ ಪ್ರತಿಗಳು ರಾಜಧಾನಿ ಮುಟ್ಟಿರಲಿಲ್ಲ. ಆಗ ಇಡೀ ಸಂವಿಧಾನವನ್ನು ತಂತಿಯಲ್ಲಿ ಬಡಿದು ಕಳಿಸಿದರು.

ಊರುಗಳ ಹೆಸರು ಹೇಳುವಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ನಾನು ನಿಲ್ಲಿಸಲಿಲ್ಲ. ಪ್ರತಿ ಊರಿನಲ್ಲಿ ಕುಳಿತು ಬರೆದುಕೊಂಡವರನ್ನೂ ಬಡಿದವರನ್ನೂ ಹೇಳಿ, ನೆವಾಡ ರಾಜ್ಯವಾಯಿತೆಂದು ಮುಗಿಸಿದೆ. ಗಂಟೆಯ ನಂತರವೂ ಮಾತಾಡಿದ್ದಕ್ಕೆ ನನ್ನ ಹೆಸರನ್ನು ಬಹುಮಾನದಿಂದ ಕೈಬಿಟ್ಟರು.

ದಾರಿಯಲ್ಲಿ ಅಳು ತಡೆಯಲಾಗಲಿಲ್ಲ. ಅಪ್ಪ ನನ್ನ ಕೈ ಹಿಡಿದುಕೊಂಡ. ಆಮೇಲೆ, “ಗಂಟಿ ಹೊಡದ್ರೂ ನಿಲ್ಲಲಿಲ್ಲಲಾ ನೀ,” ಅಂದ. “ಹಂಗ ಇರಬೇಕು. ಹೊಡ್ಯಾಕ ಹಿಡದ ತಂತಿ ನಡುವ ಬಿಡಾಕ ಬರೂದಿಲ್ಲ. ಕಚೇರ್ಯಾಗ ನಾವೂ ಬಿಡಂಗಿಲ್ಲ.”

ಮಕ್ಕಳೇ, ಈಗ ನಿಮ್ಮ ಪವಾಯಿಯ ಮನೆಯಲ್ಲಿ ಕುಳಿತು ಇದನ್ನೆಲ್ಲ ಹೇಳಿದೆ. ಅರ್ಧ ಕಥೆಗೇ ನಿಮ್ಮಲ್ಲೊಬ್ಬಳು ಮೊಬೈಲ್ ತೆಗೆದು ನೋಡಿ, “ಅಜ್ಜಿ, ಸಹೀ ಹೈ. ಬಟ್ ಟೂ ಡೇಸ್? ಇಷ್ಟು ಸ್ಲೋ?” ಅಂದಳು. ಹೌದು, ನಿಧಾನವೇ. ಅದು ನಿಜವೆಂದು ತಿಳಿಯಲು ನಿಮಗೆ ರೆಪ್ಪೆ ಬಡಿಯುವಷ್ಟು ಹೊತ್ತು ಸಾಕಾಯಿತು. ನನಗೆ ಇಡೀ ಒಂದು ದಿನ ಬೇಕಾಯಿತು. ಅಪ್ಪನ ಜೊತೆ ನಾನು ಹಾಗೆ ಕಳೆದ ದಿನ ಅದೊಂದೇ.